ಇಂಗ್ಲಿಷ್, ಫ್ರೆಂಚ್ ನುಡಿಗಟ್ಟು ಅರ್ಥ ಆಗ್ಬೇಕಂದ್ರೆ ಮೊದಲು ಅದರ ಕನ್ನಡ ಜೋಡಿ ಹುಡುಕಿ

ಫ್ರಾನ್ಸಿಗೆ ಬಂದ ಹೊಸದ್ರಲ್ಲಿ ಒಂದು ಸೋಮವಾರ ಬೆಳಿಗ್ಗೆ ಆಫೀಸಲ್ಲಿ ಕಾಫಿ ಮೆಷಿನ್ ಹತ್ರ ನಿಂತಿದ್ದೆ, ನನ್ನ ಜೊತೆ ಕೆಲಸ ಮಾಡೋ ಹುಡುಗಿ ಮುಖ ಸಣ್ಣ ಮಾಡ್ಕೊಂಡು ಬಂದು "ಇಲ್ ಮಾ ಪೋಝೇ ಅಂ ಲಪ್ಯಾಂ" ಅಂದ್ಳು. ಅದರಲ್ಲಿ ನಂಗೆ ಗೊತ್ತಿಲ್ಲದ ಪದ ಒಂದೂ ಇರ್ಲಿಲ್ಲ. ಅವನು ನಂಗೆ ಒಂದು ಮೊಲ ಇಟ್ಟ. ಮೊಲ ಅಂದ್ರೆ ನಮಗೆ ನೆನಪಾಗೋದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ, ಇಲ್ಲಿ ಅದೂ ಹೊಂದ್ತಿಲ್ಲ, ಅವಳ ಕಣ್ಣು ಬೇರೆ ತುಂಬ್ಕೊಂಡಿದೆ, ನಾನು ಸುಮ್ನೆ ತಲೆ ಆಡಿಸ್ದೆ ಅಷ್ಟೇ. ಸಂಜೆ ಡಿಕ್ಷನರಿ ತೆಗೆದು ನೋಡಿದ್ಮೇಲೆ ತಿಳೀತು, ಬರ್ತೀನಿ ಅಂತ ಹೇಳಿ ಬರ್ದೇ ಇದ್ರೆ ಅದನ್ನ ಮೊಲ ಇಡೋದು ಅಂತಾರಂತೆ. ಅಂದ್ರೆ ಅವಳು ಹೇಳಿದ್ದು "ಅವನು ಕೈ ಕೊಟ್ಟ ಕಣೇ" ಅಂತ. ಆ ಒಂದು ಮಾತು ಆಗ್ಲೇ ಹೊಳೆದಿದ್ರೆ ನಾಲ್ಕು ಸಮಾಧಾನದ ಮಾತಾಡ್ಬೋದಿತ್ತು, ಆ ಬೇಜಾರು ಇನ್ನೂ ಇದೆ.

ಅವತ್ತಿಂದ ನಾನು ನುಡಿಗಟ್ಟು ಕಲಿಯೋ ರೀತಿನೇ ಬದಲಾಯ್ತು, ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲನೇದು, ಪದಕ್ಕೆ ಪದ ಇಟ್ಟು ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ. ಈ ಕೈ ಕೊಡೋದನ್ನೇ ತಗೊಳ್ಳಿ, ಕನ್ನಡದಲ್ಲಿ ಕೈ ಕೊಟ್ಟ ಅಂದ್ರೆ ನಂಬಿಸಿ ಕೈ ಬಿಟ್ಟ ಅಂತ, ಆದ್ರೆ ಇಂಗ್ಲಿಷಲ್ಲಿ "ಗಿವ್ ಮಿ ಎ ಹ್ಯಾಂಡ್" ಅಂದ್ರೆ ಸ್ವಲ್ಪ ಸಹಾಯ ಮಾಡು ಅಂತ, ಫ್ರೆಂಚಲ್ಲೂ "ದೊನೇ ಅಂ ಕೂ ದ ಮ್ಯಾಂ" ಅಂದ್ರೆ ಸಹಾಯ ಮಾಡೋದೇ, ಪದಶಃ ನೋಡಿದ್ರೆ ಕೈಯಿಂದ ಒಂದು ಏಟು ಕೊಡೋದು! ಅದೇ ಕೈ, ಅದೇ ಕೊಡೋದು, ಅರ್ಥ ಮಾತ್ರ ಪೂರ್ತಿ ಉಲ್ಟಾ.

ಹಾಗಾದ್ರೆ ಇದು ನುಡಿಗಟ್ಟು ಅಂತ ಗೊತ್ತಾಗೋದು ಹೇಗೆ? ಸಂದರ್ಭಕ್ಕೆ ಸಂಬಂಧಾನೇ ಇಲ್ಲದ ಪ್ರಾಣಿನೋ ತರಕಾರಿನೋ ಮೈಯ ಭಾಗಾನೋ ಮಾತಿನ ಮಧ್ಯೆ ಬಂತು ಅಂದ್ರೆ ಅಲ್ಲೇ ಕಿವಿ ನಿಮಿರ್ಬೇಕು. ಹುಷಾರಿಲ್ಲದವರ ಸುದ್ದಿ ಹೇಳ್ತಾ "ಸೇಬುಗಳಲ್ಲಿ ಬಿದ್ದ" ಅಂದ್ರೆ ("ತೋಂಬೇ ದಾಂ ಲೇ ಪೊಮ್") ತಲೆ ಸುತ್ತಿ ಜ್ಞಾನ ತಪ್ಪಿದ ಅಂತ. "ಸಲಾಡ್‌ಗಳನ್ನ ಹೇಳ್ತಾನೆ" ಅಂದ್ರೆ ಕಾಗೆ ಹಾರಿಸ್ತಾನೆ ಅಂತ. ಡಿಕ್ಷನರಿಲಿ ಹುಡುಕುವಾಗ ಇಡೋದು, ಬೀಳೋದು ಅನ್ನೋ ಕ್ರಿಯಾಪದದಲ್ಲಿ ಹುಡುಕಿದ್ರೆ ಪುಟಗಟ್ಟಲೆ ಓದ್ಬೇಕಾಗುತ್ತೆ, ವಿಚಿತ್ರವಾಗಿ ಕಾಣೋ ನಾಮಪದದ ಕೆಳಗೆ ಹುಡುಕಿ, ಮೊಲದ ಕೆಳಗೆ, ಸೇಬಿನ ಕೆಳಗೆ, ಬೇಗ ಸಿಗುತ್ತೆ. ಅಲ್ಲೇ ಪಕ್ಕದಲ್ಲಿ "ಫಾಮ್" ಅಂತ ಚಿಕ್ಕದಾಗಿ ಇರುತ್ತೆ ಕೆಲವಕ್ಕೆ, ಫಮಿಲ್ಯೇ ಅನ್ನೋದರ ಸಂಕ್ಷೇಪ ಅದು, ಅಂದ್ರೆ ಫ್ರೆಂಡ್ಸ್ ಹತ್ರ ಆಡೋ ಮಾತು, ಬಾಸ್‌ಗೆ ಬರೆಯೋ ಮೇಲ್‌ನಲ್ಲಿ ಬೇಡ.

ಆಮೇಲೆ ಕನ್ನಡ ಜೋಡಿ. ಇದು ನಂಗೆ ತುಂಬಾ ಪ್ರೀತಿಯ ಕೆಲಸ. ಅರ್ಥ ಓದಿದ ತಕ್ಷಣ ಪುಸ್ತಕ ಮುಚ್ಚಿ ಕೇಳ್ಕೊಳ್ಳಿ, ಇಂಥ ಟೈಮಲ್ಲಿ ನಮ್ಮಜ್ಜಿ ಆಗಿದ್ರೆ ಏನಂತಿದ್ರು? ಸುಲಭದ ಕೆಲಸಾನ ಕಷ್ಟ ಮಾಡ್ಕೊಳ್ಳೋರಿಗೆ ಫ್ರೆಂಚರು "ಮಧ್ಯಾಹ್ನ ಎರಡು ಗಂಟೆಲಿ ಹನ್ನೆರಡು ಗಂಟೆ ಹುಡುಕ್ತಾನೆ" ಅಂತಾರೆ, "ಶೆರ್ಶೇ ಮಿದೀ ಆ ಕತೋರ್ಝ್ ಅರ್", ನಮ್ಮಲ್ಲಿ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಇಂಗ್ಲಿಷಲ್ಲಿ ಮೊಟ್ಟೆ ಒಡೆಯೋಕೆ ಮುಂಚೆ ಕೋಳಿಮರಿ ಎಣಿಸ್ಬೇಡ, ಫ್ರೆಂಚಲ್ಲಿ ಕರಡಿ ಕೊಲ್ಲೋಕೆ ಮುಂಚೆ ಅದರ ಚರ್ಮ ಮಾರ್ಬೇಡ, ನಮ್ಮಲ್ಲಿ ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಇಂಗ್ಲಿಷ್‌ನವರು ಹಂದಿ ಮುಂದೆ ಮುತ್ತು ಚೆಲ್ತಾರೆ, ಫ್ರೆಂಚರು ಹಂದಿಗೆ ಜಾಮ್ ಕೊಡ್ತಾರೆ, ನಾವು ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಅಂತೀವಿ. ಕೆಲಸ ಮುಗಿದ್ಮೇಲೆ ಬಂದು ನಿಲ್ಲೋ ಸಹಾಯಕ್ಕೆ ಫ್ರೆಂಚರು "ಊಟ ಆದ್ಮೇಲೆ ಬಂದ ಸಾಸಿವೆ" ಅಂತಾರೆ, ನಂಗೆ ತಕ್ಷಣ ಊಟಕ್ಕಿಲ್ಲದ ಉಪ್ಪಿನಕಾಯಿ ನೆನಪಾಯ್ತು, ಎರಡೂ ಊಟದ ಪಕ್ಕದಲ್ಲೇ ಹುಟ್ಟಿದ ಮಾತು. ಹೀಗೆ ಜೋಡಿ ಸಿಕ್ಕಿದ ಮಾತು ಮರೆಯೋದೇ ಇಲ್ಲ, ಯಾಕಂದ್ರೆ ಅದನ್ನ ಯಾವ ಟೈಮಲ್ಲಿ ಹೇಳ್ಬೇಕು ಅನ್ನೋದು ನಮಗೆ ಚಿಕ್ಕಂದಿನಿಂದಲೇ ಗೊತ್ತಿರುತ್ತೆ.

ಆದ್ರೆ ವಸ್ತು ಒಂದೇ ಇದೆ ಅಂತ ಜೋಡಿ ಮಾಡ್ಬೇಡಿ, ಇಲ್ಲೇ ಹೆಚ್ಚು ಜನ ಎಡವೋದು. ಉಪ್ಪು ನೋಡಿ. ಇಂಗ್ಲಿಷಲ್ಲಿ ಒಂದು ಮಾತನ್ನ ಚಿಟಿಕೆ ಉಪ್ಪಿನ ಜೊತೆ ತಗೋ ಅಂದ್ರೆ ಪೂರ್ತಿ ನಂಬ್ಬೇಡ ಅಂತ. ಫ್ರೆಂಚಲ್ಲಿ "ಮೆತ್ರ್ ಸೋಂ ಗ್ರ್ಯಾಂ ದ ಸೆಲ್", ತನ್ನ ಉಪ್ಪಿನ ಹರಳು ಹಾಕೋದು ಅಂದ್ರೆ ಕೇಳದೇ ಇದ್ರೂ ಮಧ್ಯೆ ಬಾಯಿ ಹಾಕೋದು. ಕನ್ನಡದಲ್ಲಿ ಉಪ್ಪು ಖಾರ ಹಚ್ಚಿ ಹೇಳೋದು ಅಂದ್ರೆ ಇಲ್ಲದ್ದನ್ನ ಸೇರಿಸಿ ದೊಡ್ಡದು ಮಾಡೋದು. ಮೂರು ಭಾಷೆಲೂ ಉಪ್ಪಿದೆ, ಮೂರು ಕಡೆ ಮೂರು ರುಚಿ, ಒಂದರ ಜಾಗದಲ್ಲಿ ಇನ್ನೊಂದು ಹೇಳಿದ್ರೆ ಎದುರಿನವರಿಗೆ ಬೇರೇನೇ ತಲುಪುತ್ತೆ.

ಊಟದ ವಿಷಯ ಬಂತಲ್ಲ, ಇದೊಂದನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಯಾರ ಮನೆಗಾದ್ರೂ ಊಟಕ್ಕೆ ಹೋದಾಗ ಇನ್ನೂ ಬಡಿಸೋಕೆ ಬಂದ್ರೆ ಇಂಗ್ಲಿಷಿನ "ಐ ಯಾಮ್ ಫುಲ್" ಅನ್ನೋದನ್ನ ಹಾಗೇ ಫ್ರೆಂಚಿಗೆ ತಿರುಗಿಸಿ "ಝ ಸ್ವೀ ಪ್ಲೆನ್" ಅಂತ ಹೆಣ್ಮಕ್ಕಳು ಹೇಳ್ಬಿಡ್ತಾರೆ, ಫ್ರಾನ್ಸಲ್ಲಿ ಆ ಪದ ಗಬ್ಬ ಆದ ಹಸುಗೋ ಬೆಕ್ಕಿಗೋ ಹೇಳೋದು, ಕುಡಿದು ತೂರಾಡೋರಿಗೂ ಹೇಳ್ತಾರೆ. "ಝೇ ಬ್ಯಾಂ ಮಾಂಝೇ, ಮೆರ್ಸಿ" ಅನ್ನಿ, ಚೆನ್ನಾಗಿ ಊಟ ಮಾಡ್ದೆ, ಥ್ಯಾಂಕ್ಸ್ ಅಂತ, ಮನೆಯವರಿಗೂ ಖುಷಿ. ಇನ್ನೊಂದು, ಅಡುಗೆ ಹೇಗಿದೆ ಅಂತ ಕೇಳಿದಾಗ "ಪಾ ಮಾಲ್" ಅಂದ್ರೆ ಪರವಾಗಿಲ್ಲ, ಚೆನ್ನಾಗೇ ಇದೆ ಅಂತ, ಆದ್ರೆ "ಪಾ ತೆರೀಬ್ಲ್" ಅಂದ್ರೆ ಭಯಂಕರವಾಗೇನೂ ಇಲ್ಲ ಅಂತ ಅಲ್ಲ, ಅಷ್ಟೇನೂ ಚೆನ್ನಾಗಿಲ್ಲ ಅಂತ.

ಇಂಗ್ಲಿಷ್ ನಮಗೆ ಬರುತ್ತಲ್ಲ ಅಂತ ಅಲ್ಲಿ ಧೈರ್ಯ ಜಾಸ್ತಿ, ಅದಕ್ಕೇ ಅಲ್ಲೂ ಜೋಪಾನ ಬೇಕು. ನಮ್ಮೂರಲ್ಲಿ "ಐ ಪಾಸ್ಡ್ ಔಟ್ ಇನ್ 2012" ಅಂದ್ರೆ ಆ ವರ್ಷ ಡಿಗ್ರಿ ಮುಗೀತು ಅಂತ, ಬ್ರಿಟನ್ ಅಮೆರಿಕದವರ ಕಿವಿಗೆ ಅದು ಮೂರ್ಛೆ ಹೋದೆ ಅಂತ ಕೇಳ್ಸುತ್ತೆ, ರೆಸ್ಯೂಮೆಲಿ "ಗ್ರಾಜುಯೇಟೆಡ್" ಅಂತ ಬರೀರಿ. ಮೀಟಿಂಗಲ್ಲಿ "ಟೇಬಲ್" ಮಾಡೋಣ ಅಂತ ಬ್ರಿಟಿಷರು ಅಂದ್ರೆ ವಿಷಯ ಚರ್ಚೆಗೆ ತರೋಣ ಅಂತ, ಅಮೆರಿಕದವರು ಅಂದ್ರೆ ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ, ಬೆಂಗಳೂರಲ್ಲಿ ಕೂತು ಎರಡೂ ಕಡೆಯವರ ಕಾಲ್‌ನಲ್ಲಿರೋರು ಯಾರು ಹೇಳ್ತಿದಾರೆ ಅಂತ ನೋಡ್ಕೋಬೇಕು. ಸ್ಕೂಲಲ್ಲಿ ಉರು ಹೊಡೆದ "ಕಿಕ್ ದ ಬಕೆಟ್" ಸಾವಿನ ಮನೆಗೆ ಕಳಿಸೋ ಮೆಸೇಜಲ್ಲಿ ಯಾವತ್ತೂ ಬೇಡ, ಗೊಟಕ್ ಅಂದ ಅಂತ ನಾವು ಬರೀತೀವಾ? ಹಾಗೇ ಅದು.

ಹೇಳದೇ ಕೇಳದೇ ಜಾಗ ಖಾಲಿ ಮಾಡೋದಕ್ಕೆ ಇಂಗ್ಲಿಷ್‌ನವರು "ಫ್ರೆಂಚ್ ಲೀವ್" ಅಂತಾರೆ, ಫ್ರೆಂಚರು "ಫಿಲೇ ಆ ಲಾಂಗ್ಲೇಝ್", ಇಂಗ್ಲಿಷರ ಥರ ಜಾರ್ಕೊಳ್ಳೋದು ಅಂತಾರೆ. ಇಂಥವು ಒಂದು ಸಲ ಕೇಳಿದ್ರೆ ಸಾಕು, ತಲೆಲಿ ಕೂತ್ಬಿಡ್ತವೆ.

ಹುಟ್ಟಿನ ಕಥೆ ಗೊತ್ತಿದ್ರೂ ನೆನಪು ಗಟ್ಟಿಯಾಗುತ್ತೆ. "ರವನೋಂ ಆ ನೋ ಮೂತೋಂ", ನಮ್ಮ ಕುರಿಗಳ ವಿಷಯಕ್ಕೆ ವಾಪಸ್ ಬರೋಣ ಅಂತ ಒಂದು ಮಾತಿದೆ, ಅಸಲು ವಿಷಯಕ್ಕೆ ಬರೋಣ ಅಂತ ಅರ್ಥ. ಇದು 15ನೇ ಶತಮಾನದ ಮೇತ್ರ್ ಪಾತ್ಲ್ಯಾಂ ಅನ್ನೋ ಹಾಸ್ಯ ನಾಟಕದಿಂದ ಬಂದಿದ್ದು, ಬಟ್ಟೆ ವ್ಯಾಪಾರಿಯೊಬ್ಬ ತನ್ನ ಕುರಿ ಕದ್ದ ಕುರುಬನ ಮೇಲೆ ಕೋರ್ಟಿಗೆ ಬರ್ತಾನೆ, ನೋಡಿದ್ರೆ ಎದುರು ಪಾರ್ಟಿ ಲಾಯರ್ರೇ ತನ್ನ ಹತ್ರ ಬಟ್ಟೆ ತಗೊಂಡು ದುಡ್ಡು ಕೊಡದೇ ಹೋದವನು, ಸಿಟ್ಟಲ್ಲಿ ಕುರಿ ಬಟ್ಟೆ ಎರಡನ್ನೂ ಕಲಸಿ ಮಾತಾಡ್ತಾನೆ, ಜಡ್ಜು ಕುರಿ ವಿಷಯಕ್ಕೆ ಬಾರಪ್ಪಾ ಅಂತಾರೆ.

ಬಳಸೋಕೆ ಅವಸರ ಬೇಡ, ಬೇರೆಯವರ ಬಾಯಲ್ಲಿ ಮೂರ್ನಾಲ್ಕು ಸಲ ಕೇಳಿ ಆಮೇಲೆ ಹೇಳಿ, ಹೇಳುವಾಗ ಒಂದಕ್ಷರಾನೂ ಬದಲಾಯಿಸ್ಬೇಡಿ, ಸೇಬುಗಳಲ್ಲಿ ಬಿದ್ದ ಅನ್ನೋದು ಒಂದು ಸೇಬಲ್ಲಿ ಬಿದ್ದ ಅಂತಾದ್ರೆ ಅರ್ಥಾನೇ ಹೋಯ್ತು. ನಾನು ನೋಟ್‌ಬುಕ್‌ನಲ್ಲಿ ಮಾತು, ಕನ್ನಡ ಜೋಡಿ, ಯಾರು ಯಾವಾಗ ಹೇಳಿದ್ರು, ಈ ಮೂರನ್ನ ಬರೀತೀನಿ. ಯಾವ ಊರಲ್ಲಿ ಅಂತಾನೂ ಬರೀತೀನಿ, ಯಾಕಂದ್ರೆ ಫ್ರಾನ್ಸಿನ ಮಾತು ಕೆನಡಾದ ಕ್ವಿಬೆಕ್‌ನಲ್ಲಿ ಹಾಗೇ ನಡೆಯಲ್ಲ. ಪ್ಯಾರಿಸಲ್ಲಿ "ದೀನೇ" ರಾತ್ರಿ ಊಟ, ಮಾಂಟ್ರಿಯಲ್ ಕಡೆ ಮಧ್ಯಾಹ್ನದ ಊಟ, ಯಾರಾದ್ರೂ ಕರೆದ್ರೆ ಎಷ್ಟು ಗಂಟೆಗೆ ಅಂತ ಕೇಳ್ಕೊಂಡೇ ಹೋಗಿ. ಹೋದ್ಮೇಲೆ ಮನೆಯವರು "ತೀರ್ ತ್ವಾ ಯುನ್ ಬ್ಯೂಶ್" ಅಂದ್ರೆ ಗಾಬರಿ ಆಗ್ಬೇಡಿ, ಬರೀ "ತೀರ್ ತ್ವಾ" ಅಂದ್ರೆ ಫ್ರಾನ್ಸಲ್ಲಿ ತೊಲಗು ಅಂತ, ಕ್ವಿಬೆಕ್‌ನ ಈ ಮಾತಲ್ಲಿ ಮಾತ್ರ ಒಂದು ಮರದ ದಿಮ್ಮಿ ಎಳ್ಕೋ, ಅಂದ್ರೆ ಬಾ ಕೂತ್ಕೋ ಅಂತ ಪ್ರೀತಿಯಿಂದ ಕರೀತಿದಾರೆ, ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ.