ಬೀಚ್ ಮರದ ಕೆಳಗೆ ಪಾರಿವಾಳ ಬಣ್ಣದ ಅಣಬೆ

ನಮ್ಮ ಮಲೆನಾಡಿನ ಮನೆಯಲ್ಲಿ ಅಣಬೆ ಅಂದರೆ ಹುತ್ತದ ಅಣಬೆ. ಗುಡುಗು ಮಳೆ ಬಂದು ಹೋದ ಮರುದಿನ ಅಮ್ಮ ಅಣಬೆ ಹುಡುಕುತ್ತಿರಲಿಲ್ಲ, ಹುತ್ತ ಹುಡುಕುತ್ತಿದ್ದಳು. ಅದು ಎಷ್ಟು ದೊಡ್ಡ ಪಾಠ ಅಂತ ನನಗೆ ಗೊತ್ತಾಗಿದ್ದು ಜರ್ಮನಿಗೆ ಬಂದ ಮೇಲೆ.

ನಾನು ಇರುವುದು ಟ್ಯೂಬಿಂಗನ್‌ನಲ್ಲಿ. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ. ಊರಿನ ಉತ್ತರಕ್ಕೆ ಷೋನ್‌ಬುಖ್ ಕಾಡು. ಅಲ್ಲಿ ಬೀಚ್ ಅನ್ನುವ, ಎಲೆ ಉದುರಿಸುವ ದೊಡ್ಡ ಮರಗಳು ಜಾಸ್ತಿ. ಜುಲೈ ಬಂತೆಂದರೆ ಆ ಮರಗಳ ಕೆಳಗೆ ಒಣ ಎಲೆಗಳನ್ನು ತಳ್ಳಿಕೊಂಡು ಅಂಗೈ ಅಗಲದ ಕೊಡೆಗಳು ಏಳುತ್ತವೆ. ಒಂದು ನೇರಳೆ, ಒಂದು ಬೂದು, ಇನ್ನೊಂದು ಹಸಿರು. ಮೊದಲ ವರ್ಷ ನಾನು ಇವನ್ನು ಮೂರು ಬೇರೆ ಜಾತಿ ಅಂತಲೇ ಬರೆದಿಟ್ಟುಕೊಂಡಿದ್ದೆ.

ಆದರೆ ಮೂರೂ ಒಂದೇ ಜಾತಿ, ರಸುಲಾ ಸಯಾನೊಕ್ಸಾಂತಾ. ಇಲ್ಲಿನವರು ಫ್ರೌಯೆನ್‌ಟಾಯ್ಬ್ಲಿಂಗ್ ಅನ್ನುತ್ತಾರೆ. ಈ ರಸುಲಾ ಕುಲದ ಅಣಬೆಗಳಿಗೆಲ್ಲ ಜರ್ಮನ್‌ನಲ್ಲಿ ಟಾಯ್ಬ್ಲಿಂಗ್ ಅಂತ ಹೆಸರು. ಪಾರಿವಾಳ ಅನ್ನುವ ಪದದಿಂದ ಬಂದದ್ದು. ಒಳ್ಳೆ ಹೆಸರು. ಪಾರಿವಾಳದ ಕತ್ತು ಬಿಸಿಲಿಗೆ ತಿರುಗಿದಾಗ ನೇರಳೆಯಿಂದ ಹಸಿರಿಗೆ ಜಾರುತ್ತಲ್ಲ, ಈ ಕೊಡೆಯ ಬಣ್ಣವೂ ಹಾಗೇ.

ಬಣ್ಣ ನಂಬುವ ಹಾಗಿಲ್ಲ ಅಂದಮೇಲೆ ಯಾವುದನ್ನು ನಂಬಬೇಕು? ಇಲ್ಲಿ ಅಣಬೆ ಪರೀಕ್ಷಿಸಿ ಹೇಳುವ ತರಬೇತಾದ ಸಲಹೆಗಾರರಿದ್ದಾರೆ. ನಾನು ಬುಟ್ಟಿ ಹಿಡಿದು ಒಬ್ಬರ ಹತ್ತಿರ ಹೋದೆ. ವಯಸ್ಸಾದ ಹೆಂಗಸು. ಅವರು ಬುಟ್ಟಿಯ ಕಡೆ ನೋಡುವ ಮೊದಲೇ ಕೇಳಿದರು, "ಯಾವ ಮರದ ಕೆಳಗೆ ಸಿಕ್ಕಿತು?" ನನಗೆ ಅಮ್ಮನ ಹುತ್ತ ನೆನಪಾಯಿತು. ರಸುಲಾಗಳು ಮರದ ಬೇರಿಗೆ ಅಂಟಿಕೊಂಡು ಬದುಕುವಂಥವು. ಮರ ಸಕ್ಕರೆ ಕೊಡುತ್ತದೆ, ಅಣಬೆ ಮಣ್ಣಿನಿಂದ ನೀರು, ಸತ್ವ ಎಳೆದು ಕೊಡುತ್ತದೆ. ಹಾಗಾಗಿ ಮರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸಯಾನೊಕ್ಸಾಂತಾಗೆ ಬೀಚ್ ಅಂದರೆ ಇಷ್ಟ, ಓಕ್ ಕೆಳಗೂ ಬರುತ್ತದೆ.

ಆಮೇಲೆ ಅವರು ದಂಟು ಮುರಿದು ತೋರಿಸಿದರು. ಸೀಮೆಸುಣ್ಣದ ಹಾಗೆ ಟಕ್ ಅಂತ ಮುರಿಯಿತು, ನಾರು ಇಲ್ಲ. ಇದು ಇಡೀ ಕುಲದ ಗುರುತು. ದಂಟಿನ ಒಳಗಿನ ಕೋಶಗಳಲ್ಲಿ ಬಹಳಷ್ಟು ದುಂಡಗೆ ಗುಂಪಾಗಿರುತ್ತವೆ, ಅದಕ್ಕೇ ಆ ಮುರಿತ. ಮುರಿದ ಕಡೆ ಹಾಲು ಬಂದರೆ ಅದು ಬೇರೆ ಕುಲ. ನಂತರ ನನ್ನ ಬೆರಳು ಹಿಡಿದು ಕೊಡೆಯ ಅಡಿಯ ಬಿಳಿ ಪದರಗಳ ಮೇಲೆ ಎಳೆದರು. ಬೇರೆ ರಸುಲಾಗಳಲ್ಲಿ ಈ ಪದರ ಹಪ್ಪಳದ ಚೂರಿನ ಹಾಗೆ ಉದುರುತ್ತದೆ. ಇದರಲ್ಲಿ ಉದುರಲಿಲ್ಲ. ಬಾಗಿತು, ಮತ್ತೆ ನೆಟ್ಟಗಾಯಿತು. ಬೆರಳಿಗೆ ಬೆಣ್ಣೆ ಸವರಿದ ಹಾಗೆ ಜಿಡ್ಡು ಜಿಡ್ಡು. ಆ ಸ್ಪರ್ಶ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ಮನೆಯಲ್ಲಿ ಇನ್ನೆರಡು ಪರೀಕ್ಷೆ ಮಾಡುತ್ತೇನೆ. ಕೊಡೆಯನ್ನು ಗಾಜಿನ ಮೇಲೆ ಬೋರಲು ಹಾಕಿ, ಮೇಲೆ ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಉದುರಿದ ಬೀಜಕಣದ ಪುಡಿ ಅಚ್ಚ ಬಿಳಿ ಇರಬೇಕು. ಎರಡನೆಯದು ಫೆರಸ್ ಸಲ್ಫೇಟ್, ನಮ್ಮ ಕಡೆ ಅನ್ನಭೇದಿ ಅನ್ನುತ್ತಾರಲ್ಲ, ಅದೇ. ಅದರ ಹರಳನ್ನು ದಂಟಿಗೆ ಉಜ್ಜಿದರೆ ಬಹಳಷ್ಟು ರಸುಲಾಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಸಯಾನೊಕ್ಸಾಂತಾ ತಿರುಗುವುದಿಲ್ಲ, ಬಂದರೆ ಮಾಸಲು ಹಸಿರು. ಹಸಿರು ಕೊಡೆಯ ಬೇರೆ ರಸುಲಾಗಳಿಂದ ಇದನ್ನು ಬೇರ್ಪಡಿಸಲು ನನಗೆ ಇದಕ್ಕಿಂತ ಒಳ್ಳೆ ದಾರಿ ಸಿಕ್ಕಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಒಂದು ಆಗಸ್ಟ್‌ನಲ್ಲಿ ಅದೇ ಇಳಿಜಾರಿನಲ್ಲಿ ಹಸಿರು ಕೊಡೆ ಕಂಡಿತು. ಮೇಲಿನಿಂದ ನೋಡಿದರೆ ನನ್ನ ಬುಟ್ಟಿಯಲ್ಲಿದ್ದದ್ದರ ತಂಗಿಯ ಹಾಗಿತ್ತು. ಚಾಕು ತೆಗೆದಿದ್ದೆ. ಏನೋ ತೋಚಿ ಕತ್ತರಿಸದೆ ಬೆರಳಿಂದ ಮಣ್ಣು ಬಿಡಿಸಿದೆ. ಬುಡ ಒಂದು ಬಿಳಿ ಚೀಲದಲ್ಲಿ ಕೂತಿತ್ತು, ಒಡೆದ ಮೊಟ್ಟೆಯ ಸಿಪ್ಪೆಯಲ್ಲಿ ಕೂತ ಹಾಗೆ. ದಂಟಿನ ಮೇಲ್ಭಾಗದಲ್ಲಿ ಜೋಲುವ ಉಂಗುರ. ಅಮನೀಟಾ ಫಾಲಾಯ್ಡಿಸ್. ಯಕೃತ್ತನ್ನು ಕೊಲ್ಲುವ ಅಣಬೆ. ಅದೂ ಬೀಚ್, ಓಕ್ ಮರಗಳ ಕೆಳಗೇ ಬೆಳೆಯುತ್ತದೆ. ನೆಲಮಟ್ಟಕ್ಕೆ ಕತ್ತರಿಸಿದ್ದರೆ ಆ ಚೀಲ ಮಣ್ಣಲ್ಲೇ ಉಳಿಯುತ್ತಿತ್ತು. ನನ್ನ ಕೈ ನಡುಗಿದ್ದು ಈಗಲೂ ನೆನಪಿದೆ. ಅವತ್ತಿನಿಂದ ಗುರುತಿಸಬೇಕಾದ ಯಾವ ಅಣಬೆಯನ್ನೂ ನಾನು ಕತ್ತರಿಸುವುದಿಲ್ಲ, ಬುಡಸಮೇತ ತೆಗೆಯುತ್ತೇನೆ. ದಯವಿಟ್ಟು ನೀವೂ ಹಾಗೇ ಮಾಡಿ. ಇದನ್ನು ಓದಿ ಸುಮ್ನೆ ಯಾವುದನ್ನೂ ಬಾಯಿಗೆ ಹಾಕಬೇಡಿ. ರಸುಲಾಗಳ ಬಗ್ಗೆ ದೊಡ್ಡ ಕೆಲಸ ಮಾಡಿದ ಯೂಲಿಯಸ್ ಶೆಫರ್ 1944ರಲ್ಲಿ ಸತ್ತಿದ್ದು ಅಣಬೆ ತಿಂದೇ. ಆಗ ಜನ ಬೇಯಿಸಿ ತಿನ್ನುತ್ತಿದ್ದ, ಪ್ಯಾಕ್ಸಿಲಸ್ ಅನ್ನುವ ಬೇರೆ ಕುಲದ ಅಣಬೆ ಅದು.

ಅಮ್ಮನಿಗೆ ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. "ಬುಡ ನೋಡಿದ್ಯಲ್ಲ, ಸಾಕು. ಆ ಜಾಗ ಗುರುತು ಇಟ್ಕೊ" ಅಂದಳು. ಇಟ್ಟುಕೊಂಡಿದ್ದೇನೆ. ದಾರಿ ತಿರುಗುವ ಕಡೆ ಎರಡು ಕವಲಿನ ಒಂದು ಬೀಚ್ ಮರವಿದೆ. ಅದರ ಬಲಕ್ಕೆ ಪಾರಿವಾಳ ಬಣ್ಣದವು ಬರುತ್ತವೆ, ಎಡಕ್ಕೆ ಚೀಲದವು.