ಲ್ಯಾಂಪ್ ಹೊತ್ತುತ್ತಿಲ್ಲವೇ? ಮೊದಲು ಕಿವಿಗೊಡಿ

ಫಸ್ಟ್ ಶೋಗೆ ಹತ್ತು ನಿಮಿಷ ಇರುವಾಗ ಪ್ರೊಜೆಕ್ಟರ್ ಲ್ಯಾಂಪ್ ಕೈಕೊಟ್ಟರೆ ನಮ್ಮ ಆಪರೇಟರ್‌ಗಳು ಎರಡು ಕೆಲಸ ಮಾಡುತ್ತಾರೆ. ಸ್ವಿಚ್ಚನ್ನು ಇನ್ನೂ ಇಪ್ಪತ್ತು ಸಲ ಒತ್ತುತ್ತಾರೆ. ಆಮೇಲೆ, ದುಬಾರಿ ಬೆಲೆ ತೆತ್ತು ತಂದಿಟ್ಟ ಹೊಸ ಕ್ಸೆನಾನ್ ಲ್ಯಾಂಪಿನ ಪೆಟ್ಟಿಗೆ ಬಿಚ್ಚುತ್ತಾರೆ. ಎರಡೂ ತಪ್ಪು. ಮೂರು ಸಲ ಒತ್ತಿದರೂ ಹೊತ್ತದಿದ್ದರೆ ಕೈ ತೆಗೆಯಿರಿ, ಇಲ್ಲದಿದ್ದರೆ ಲ್ಯಾಂಪ್ ಹೊತ್ತಿಸುವ ಇಗ್ನೈಟರ್ ಕೂಡ ಸುಟ್ಟೀತು.

ಈ ಲ್ಯಾಂಪಿನೊಳಗೆ ಮನೆಯ ಹಳೇ ಬಲ್ಬಿನಂತೆ ತಂತಿ ಇರುವುದಿಲ್ಲ. ಎರಡು ಟಂಗ್‌ಸ್ಟನ್ ತುದಿಗಳು, ನಡುವೆ ಕೆಲವೇ ಮಿಲಿಮೀಟರ್ ಅಂತರ. ಇಗ್ನೈಟರ್ 20 ಸಾವಿರ ವೋಲ್ಟಿಗೂ ಮೀರಿದ ಕಿಡಿ ಹಾರಿಸಿ ಒಳಗಿನ ಕ್ಸೆನಾನ್ ಅನಿಲದಲ್ಲಿ ದಾರಿ ಮಾಡಿಕೊಡುತ್ತದೆ. ಅದೇ ಕ್ಷಣಕ್ಕೆ, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ನೂರರ ಆಸುಪಾಸಿನ ಡಿಸಿ ವೋಲ್ಟೇಜ್ ಹಿಡಿದು ಕಾದಿರಬೇಕು. ಒಮ್ಮೆ ಹೊತ್ತಿತೆಂದರೆ 2 ಕಿಲೋವ್ಯಾಟ್ ಲ್ಯಾಂಪಿಗೆ ಸುಮಾರು 25 ವೋಲ್ಟ್, 80 ಆಂಪಿಯರ್ ಸಾಕು. ಇಗ್ನೈಟರ್, ರೆಕ್ಟಿಫೈಯರ್ ಇಬ್ಬರಲ್ಲಿ ಯಾರು ಕೈಕೊಟ್ಟರು ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ.

ಸದ್ದೇ ಇಲ್ಲವೇ? ಹಾಗಾದರೆ ಬಹುಶಃ ಇಗ್ನೈಟರ್‌ಗೆ ಅಪ್ಪಣೆಯೇ ಹೋಗಿಲ್ಲ. ಲ್ಯಾಂಪ್‌ಹೌಸ್ (ಲ್ಯಾಂಪ್ ಕೂರುವ ಡಬ್ಬ) ಬಾಗಿಲಿನ ಸ್ವಿಚ್, ಫ್ಯಾನ್, ಎಕ್ಸಾಸ್ಟ್ ಗಾಳಿಯ ಸ್ವಿಚ್ (ಗಾಳಿ ಹರಿದರೆ ಮಾತ್ರ ಅಪ್ಪಣೆ ಬಿಡುವುದು), ಕರೆಂಟಿನ ಮೂರೂ ಫೇಸ್ ನೋಡಿ. ಒಂದು ಊರಲ್ಲಿ ಲ್ಯಾಂಪ್ ಬದಲಿಸಿ, ಇಗ್ನೈಟರ್ ಬದಲಿಸಿ ಸುಸ್ತಾದ ಮೇಲೆ ನನ್ನನ್ನು ಕರೆದರು. ಚಾವಣಿ ಹತ್ತಿ ನೋಡಿದರೆ ಎಕ್ಸಾಸ್ಟ್ ಕೊಳವೆಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಗಾಳಿಯ ಸ್ವಿಚ್ಚಿಗೆ ತಂತಿ ಸುತ್ತಿ ಬೈಪಾಸ್ ಮಾಡುವ ಚಾಳಿ ಮಾತ್ರ ಬೇಡ. ಅವತ್ತಿನ ಶೋ ನಡೆಯುತ್ತದೆ, ಆದರೆ ಲ್ಯಾಂಪ್ ಬೆಂದು ಸಿಡಿದೀತು.

ಚಟಚಟ ಸದ್ದಿದೆ, ಲ್ಯಾಂಪಿನಲ್ಲಿ ಮಿಂಚೇ ಇಲ್ಲವೇ? ಕ್ಯಾಬಿನ್ ದೀಪ ಆರಿಸಿ, ಬಾಗಿಲು ತೆರೆಯದೆ, ನೋಡುವ ಕಿಂಡಿಯ ಕಪ್ಪು ಗಾಜಿನಿಂದಲೇ ಕಣ್ಣಿಡಿ. ನೀಲಿ ಕಿಡಿ ಲ್ಯಾಂಪಿನ ಬದಲು ಪಕ್ಕದ ಲೋಹಕ್ಕೆ ಹಾರುತ್ತಿದ್ದರೆ ಹೈ ವೋಲ್ಟೇಜ್ ಸೋರುತ್ತಿದೆ ಎಂದರ್ಥ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಥಂಡಿಗೆ, ಇನ್ಸುಲೇಟರ್ ಮೇಲೆ ಕೂತ ಧೂಳಿಗೆ ಇದು ಮಾಮೂಲು. ಮೇನ್ ಆಫ್ ಮಾಡಿ, ಒರೆಸಿ, ಒಣಗಿಸಿ. ಕಪ್ಪು ಇನ್ಸುಲೇಶನ್ ಟೇಪ್ ಸುತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಆ ವೋಲ್ಟೇಜನ್ನೂ ತಡೆಯದು, ಬಿಸಿಯನ್ನೂ ತಾಳದು. ಕಿಡಿ ಎಲ್ಲೂ ಸೋರುತ್ತಿಲ್ಲ, ಗಾಜು ಕಪ್ಪಿಟ್ಟಿದೆ, ಲ್ಯಾಂಪಿನ ಆಯುಷ್ಯದ ಗಂಟೆಗಳ ಲೆಕ್ಕವೂ ಮುಗಿದಿದೆ ಎಂದಾದರೆ ಮಾತ್ರ ಲ್ಯಾಂಪನ್ನು ಶಂಕಿಸಿ.

ಎಲ್ಲರೂ ಎಡವುವುದು ಮೂರನೆಯದರಲ್ಲಿ: ಲ್ಯಾಂಪ್ ಒಮ್ಮೆ ಫಳ್ಳೆಂದು ಆರಿಬಿಡುತ್ತದೆ. ಇಗ್ನೈಟರ್ ತನ್ನ ಕೆಲಸ ಮಾಡಿದೆ, ರೆಕ್ಟಿಫೈಯರ್ ಹಿಂದೆ ಬರಲಿಲ್ಲ. ಈಗ ಡಿಸಿ ಅಳೆಯಬೇಕು. ಆದರೆ ಮೀಟರ್ ಹಾಕುವ ಮುನ್ನ ಮೇನ್ ಆಫ್ ಮಾಡಿ, ಇಗ್ನೈಟರ್‌ಗೆ ಬರುವ ಸಪ್ಲೈ ತಂತಿ ಬಿಚ್ಚಿ, ತುದಿಯನ್ನು ಮುಚ್ಚಿಡಿ. ಇದನ್ನು ಮರೆತವರ ಮೀಟರ್ ಆ ಒಂದೇ ಕಿಡಿಗೆ ತೀರಿಹೋಗುತ್ತದೆ, ಜೊತೆಗೆ ಹಿಡಿದವನ ಕೈಗೂ ಅಪಾಯ. ಮೀಟರ್ ಹಾಕಿ ಮೇನ್ ಆನ್ ಮಾಡಿದಾಗ ಬಂದ ವೋಲ್ಟೇಜನ್ನು ರೆಕ್ಟಿಫೈಯರ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಕಡಿಮೆ ಬಂದರೆ ಫೇಸ್ ಒಂದು ಹೋಗಿರಬಹುದು, ಫ್ಯೂಸ್ ಹಾರಿರಬಹುದು, ಡಯೋಡ್ ಸತ್ತಿರಬಹುದು. ಜನರೇಟರ್ ಮೇಲೆ ಓಡುವಾಗ ಮಾತ್ರ ಹೀಗಾದರೆ ಜನರೇಟರನ್ನೇ ವಿಚಾರಿಸಿ.

ವೋಲ್ಟೇಜ್ ಸರಿಯಿದ್ದರೆ ಮೇನ್ ಮತ್ತೆ ಆಫ್ ಮಾಡಿ, ಕೇಬಲ್ ತುದಿಗಳತ್ತ ಹೋಗಿ. 80 ಆಂಪಿಯರ್ ಹರಿಯುವ ಜಾಗದಲ್ಲಿ ಒಂದು ನಟ್ಟು ಸಡಿಲವಾದರೂ ಅಲ್ಲಿ ಕಾದು, ನೀಲಿಗಟ್ಟಿ, ಕರಕಲಾಗುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿದರೆ ವಾರದ ಮಟ್ಟಿಗೆ ನಡೆದೀತು. ನಾನಂತೂ ಲಗ್ (ಕೇಬಲ್ ತುದಿಯ ಲೋಹದ ಬಿಲ್ಲೆ) ಕತ್ತರಿಸಿ ಹೊಸದು ಹಾಕುತ್ತೇನೆ, ಲ್ಯಾಂಪಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಬಾಗಿಲು ತೆರೆಯುವ ಮುನ್ನ: ಲ್ಯಾಂಪ್ ಉರಿದಿದ್ದರೆ ಫ್ಯಾನ್ ಹದಿನೈದು ನಿಮಿಷ ಓಡಲಿ, ಆಮೇಲೆ ಮೇನ್ ಆಫ್. ಮುಖಕ್ಕೆ ಪೂರ್ತಿ ಮುಸುಕು, ಚರ್ಮದ ಕೈಗವಸು, ದಪ್ಪ ಜಾಕೆಟ್. ಸೆಕೆಯೆಂದು ಬನಿಯನ್‌ನಲ್ಲಿ ಲ್ಯಾಂಪ್ ಬಿಚ್ಚುವವರನ್ನು ನೋಡಿದ್ದೇನೆ.

ಕೊನೆಗೂ ಲ್ಯಾಂಪನ್ನೇ ಬದಲಿಸಬೇಕಾಗಿ ಬಂದರೆ ಲೋಹದ ತುದಿಯನ್ನೇ ಹಿಡಿಯಿರಿ, ಗಾಜಿಗೆ ಬರಿಗೈ ಬೇಡ. ಒಂದು ತುದಿಯನ್ನಷ್ಟೇ ಅಲುಗದಂತೆ ಬಿಗಿಯಿರಿ. ಇನ್ನೊಂದಕ್ಕೆ ಕೇಬಲ್ ಗಟ್ಟಿಯಾಗಿ ಕೂತಿದ್ದರೂ ಕಾದಾಗ ಹಿಗ್ಗಲು ಜಾಗ ಬೇಕು. ಪ್ಲಸ್ ಮೈನಸ್ ಎರಡು ಸಲ ನೋಡಿ, ಅದಲುಬದಲಾದರೆ ಹೊಸ ಲ್ಯಾಂಪ್ ಸೆಕೆಂಡುಗಳಲ್ಲೇ ಹಾಳು. ‘ರೀಕಂಡೀಶನ್’ ಎಂದು ಅಗ್ಗಕ್ಕೆ ಮಾರುವ ಲ್ಯಾಂಪನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಬಿಚ್ಚಿದ ಹಳೇ ಲ್ಯಾಂಪನ್ನು ಮ್ಯಾನೇಜರ್ ಮೇಜಿನ ಮೇಲೆ ಶೋಪೀಸ್ ಮಾಡಿ ಇಡುವುದುಂಟು. ಆರಿ ತಣ್ಣಗಾದರೂ ಅದರೊಳಗೆ ವಾತಾವರಣದ ಹಲವು ಪಟ್ಟು ಒತ್ತಡ ಇದ್ದೇ ಇರುತ್ತದೆ. ಬಂದ ಪೆಟ್ಟಿಗೆಯಲ್ಲೇ, ಅದರ ರಕ್ಷಾಕವಚ ಹಾಕಿಯೇ, ವಾಪಸ್ ಕಳಿಸಿ.