ಮರ್ಜ್‌ನಲ್ಲಿ ಕಾಣೆಯಾದ ಒಂದು ಸಾಲು, ಆಮೇಲೆ ನಾನು ಬರೆದ ನೋಟ್ಸ್

ಸುಗ್ಗಿ ಜೋರಾಗಿದ್ದಾಗ ಗಂಗಾವತಿಯ ಒಂದು ರೈಸ್ ಮಿಲ್‌ನ ಗುಮಾಸ್ತರು ಫೋನ್ ಮಾಡಿದರು. ಪ್ಲಾಸ್ಟಿಕ್ ಚೀಲದಲ್ಲಿ ಭತ್ತ ತಂದ ರೈತರಿಗೂ ಗೋಣಿ ಚೀಲದ ಲೆಕ್ಕದಲ್ಲೇ ತೂಕ ಕಡಿತ ಆಗ್ತಿದೆ ಅಂತ. ನಮ್ಮದು ನಾಲ್ಕು ಜನರ ಸಣ್ಣ ಆಫೀಸು, ಈ ಕಡೆಯ ಮಿಲ್‌ಗಳಿಗೆ ತೂಕದ ಚೀಟಿ, ಬಿಲ್ಲು ಮಾಡುವ ಸಾಫ್ಟ್‌ವೇರ್ ಬರೆಯುತ್ತೇವೆ. ಗೋಣಿ ಚೀಲಕ್ಕೆ 1 ಕೆಜಿ, ಪ್ಲಾಸ್ಟಿಕ್ ಚೀಲಕ್ಕೆ ಕಾಲು ಕೆಜಿ ಕಳೆಯಬೇಕು ಅಂತ ನಮ್ಮ ಹುಡುಗ ಹದಿನೈದು ದಿನ ಮೊದಲೇ ಕೋಡ್ ತಿದ್ದಿದ್ದ. ನಾನೇ ಕೂತು ಪರೀಕ್ಷೆ ಮಾಡಿದ್ದೆ. ಈಗ ನೋಡಿದರೆ ಆ ಸಾಲೇ ಇಲ್ಲ. 200 ಚೀಲದ ಲೋಡಿಗೆ 150 ಕೆಜಿ ರೈತನಿಗೆ ಖೋತಾ, ಅಂದರೆ 75 ಕೆಜಿಯ ಎರಡು ಚೀಲ ಭತ್ತ.

ಸಾಲು ಅಳಿಸಿದ್ದು ಯಾರು ಅಂತ ಹುಡುಕಲು ಕೂತೆವು. ನಮ್ಮ ಕೋಡ್‌ನ ಪ್ರತಿ ತಿದ್ದುಪಡಿಯನ್ನೂ ಗಿಟ್ ಅನ್ನುವ ಸಾಫ್ಟ್‌ವೇರ್ ದಾಖಲಿಸಿ ಇಡುತ್ತೆ, ಆ ತಿದ್ದುಪಡಿಗಳ ಪಟ್ಟಿ ನೋಡಲು ಗಿಟ್ ಲಾಗ್ -ಪಿ ಹಾಕಿದೆವು. ಆ ಸಾಲು ಸೇರಿಸಿದ ಕಮಿಟ್ (ದಾಖಲಾದ ಒಂದೊಂದು ತಿದ್ದುಪಡಿಗೂ ಈ ಹೆಸರು) ಸಿಕ್ಕಿತು, ತೆಗೆದ ಕಮಿಟ್ ಸಿಗಲಿಲ್ಲ. -ಎಸ್ (ದೊಡ್ಡ ಅಕ್ಷರ) ಹಾಕಿ ಆ ಪದವನ್ನೇ ಹುಡುಕಿದರೂ ಅಷ್ಟೇ. ಹುಡುಗ ಪಕ್ಕದಲ್ಲಿ ಕೂತು "ಅಣ್ಣಾ, ನಾ ಅಂತೂ ತೆಗೆದಿಲ್ಲ" ಅಂತ ಮೂರು ಸಲ ಹೇಳಿದ. ಅವನ ಮುಖ ನೋಡಿ ನನಗೆ ಬೇಜಾರಾಯಿತು, ಯಾಕೆಂದರೆ ಅವನು ನಿಜ ಹೇಳುತ್ತಿದ್ದ, ಅದನ್ನು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಸಾಲು ಹೋಗಿದ್ದು ಮರ್ಜ್‌ನಲ್ಲಿ, ಅಂದರೆ ಎರಡು ಬ್ರಾಂಚ್‌ಗಳಲ್ಲಿ (ಕೋಡ್‌ನ ಬೇರೆ ಬೇರೆ ಕವಲುಗಳಲ್ಲಿ) ಆದ ಕೆಲಸವನ್ನು ಒಂದುಗೂಡಿಸುವಾಗ. ಮರ್ಜ್ ಮಾಡಿದ್ದು ನಾನು. ಅದೇ ಸಾಲನ್ನು ನಾನು ಮುಖ್ಯ ಬ್ರಾಂಚ್‌ನಲ್ಲಿ ಬೇರೆ ಕಾರಣಕ್ಕೆ ತಿದ್ದಿದ್ದೆ, ಗ್ರಾಂ ಲೆಕ್ಕವನ್ನು ರೌಂಡ್ ಮಾಡುವುದಕ್ಕೆ. ಒಂದೇ ಸಾಲನ್ನು ಎರಡೂ ಕಡೆ ತಿದ್ದಿದ್ದರಿಂದ ಕಾನ್‌ಫ್ಲಿಕ್ಟ್ ಬಂದಾಗ ಎರಡನ್ನೂ ಸೇರಿಸಿ ಬರೆಯುವ ಬದಲು ನನ್ನ ಕಡೆಯದನ್ನು ಮಾತ್ರ ಉಳಿಸಿಬಿಟ್ಟಿದ್ದೆ.

ಗಿಟ್ ಲಾಗ್ -ಪಿ ಮಾಮೂಲಾಗಿ ಮರ್ಜ್ ಕಮಿಟ್‌ನ ಡಿಫ್, ಅಂದರೆ ಯಾವ ಸಾಲು ಸೇರಿತು ಯಾವುದು ಹೋಯಿತು ಅನ್ನುವುದನ್ನು ತೋರಿಸುವುದೇ ಇಲ್ಲ. ಕಮಿಟ್‌ನ ಹೆಸರು, ತಾರೀಕು ಬರುತ್ತೆ, ಕೆಳಗೆ ಖಾಲಿ. -ಎಸ್ ಹುಡುಕಾಟವೂ ಅಲ್ಲಿ ಇಣುಕುವುದಿಲ್ಲ. ಸರಿ, ಒಂದೇ ಕಮಿಟ್ ತೆರೆದು ತೋರಿಸುವ ಗಿಟ್ ಶೋ ಹಾಕೋಣ ಅಂದರೆ ಅದೂ ಖಾಲಿ! ಗಿಟ್ ಶೋ ಮರ್ಜ್‌ಗೆ ತಾನಾಗಿ --ಸಿಸಿ ಬಳಸುತ್ತೆ. --ಸಿಸಿ ಏನು ಮಾಡುತ್ತೆ ಅಂದರೆ, ಒಂದು ಜಾಗದಲ್ಲಿ ಎರಡು ಬ್ರಾಂಚ್‌ನವರು ಬೇರೆ ಬೇರೆ ಬರೆದಿದ್ದು, ಮರ್ಜ್ ಅದರಲ್ಲಿ ಒಂದನ್ನು ಹಾಗೇ ಇಟ್ಟುಕೊಂಡಿದ್ದರೆ, ಅದನ್ನು ನೋಡುವಂಥದ್ದಲ್ಲ ಅಂತ ಬಿಟ್ಟುಬಿಡುತ್ತೆ. ನಾನು ಮಾಡಿದ್ದು ಸರಿಯಾಗಿ ಅದನ್ನೇ ಅಲ್ವಾ.

ಅವತ್ತು ರಾತ್ರಿ ಕೋಡ್ ಸರಿಮಾಡಿ, ಮರುದಿನ ಹಳೇ ಚೀಟಿಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ಮಿಲ್‌ಗೆ ಕೊಟ್ಟೆವು. ಆಮೇಲೆ, -ಪಿ, --ಸಿಸಿ ಥರದ ಈ ಆಪ್ಷನ್‌ಗಳ ಬಗ್ಗೆ ನಮ್ಮ ಹುಡುಗರಿಗೆ ಕನ್ನಡದಲ್ಲಿ ಒಂದು ನೋಟ್ಸ್ ಬರೆಯಲೇಬೇಕು ಅಂತ ತೀರ್ಮಾನಿಸಿದೆ.

ಮೊದಲ ಸಲ ಬರೆದಿದ್ದು ಕೆಲಸಕ್ಕೆ ಬರಲಿಲ್ಲ. ಗಿಟ್‌ನ ಮ್ಯಾನುಯಲ್ ಪೇಜ್ ತೆರೆದಿಟ್ಟುಕೊಂಡು, ಅದರಲ್ಲಿದ್ದ ಕ್ರಮದಲ್ಲೇ ಒಂದೊಂದು ಆಪ್ಷನ್ ಹೆಸರು, ಅದರ ಮುಂದೆ ಎರಡು ಸಾಲು ವಿವರಣೆ. ಕಾರಟಗಿಯಿಂದ ದಿನಾ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳು ನಮ್ಮಲ್ಲಿ ಹೊಸದಾಗಿ ಸೇರಿದ್ದಳು, ಅವಳ ಕೈಗೆ ಕೊಟ್ಟು "ಆ ಸಾಲು ಎಲ್ಲಿ ಹೋಯ್ತು ಇದನ್ನ ಓದಿ ಹುಡುಕು" ಅಂದೆ. ಅರ್ಧ ಗಂಟೆ ಓದಿದಳು. ಯಾವುದನ್ನು ಹಾಕಬೇಕು ಅಂತ ಗೊತ್ತಾಗಲಿಲ್ಲ. ಇನ್ನೊಂದು ಎಡವಟ್ಟು ಅಂದರೆ ಪೇರೆಂಟ್ (ಮರ್ಜ್‌ನಲ್ಲಿ ಒಂದಾಗುವ ಬ್ರಾಂಚ್‌ಗಳ ಕೊನೆಯ ಕಮಿಟ್) ಅನ್ನುವುದಕ್ಕೆ ನಾನು 'ಮೂಲ ಕಮಿಟ್' ಅಂತ ಬರೆದಿದ್ದೆ. ಅವಳು ಅದನ್ನು ಎರಡು ಬ್ರಾಂಚ್‌ಗಳು ಕವಲೊಡೆದ ಜಾಗ ಅಂದುಕೊಂಡಿದ್ದಳು. ತಪ್ಪು ಅವಳದಲ್ಲ. ಪೇರೆಂಟ್ ಅನ್ನುವ ಪದವನ್ನು ಹಾಗೇ ಇಟ್ಟೆ, ಎಲ್ಲರೂ ಬಾಯಲ್ಲಿ ಹೇಳುವುದೂ ಅದನ್ನೇ.

ಎರಡನೇ ಸಲ ಬೇರೆ ದಾರಿ ಹಿಡಿದೆ. ಒಂದು ಪುಟ್ಟ ರೆಪೊ (ಗಿಟ್ ದಾಖಲೆ ಇಡುವ ಕೋಡ್ ಫೋಲ್ಡರ್) ಮಾಡಿದೆ, ಹತ್ತು ಸಾಲಿನ ಒಂದೇ ಫೈಲು, ಚೀಲದ ತೂಕದ ಲೆಕ್ಕ. ಎರಡು ಬ್ರಾಂಚ್, ಅದೇ ಕಾನ್‌ಫ್ಲಿಕ್ಟ್, ಅದೇ ತಪ್ಪು. ಆ ಒಂದು ಮರ್ಜ್ ಮೇಲೆ ಎಲ್ಲ ಆಪ್ಷನ್ ಓಡಿಸಿ, ಬಂದಿದ್ದನ್ನು ಹಾಗೇ ಅಂಟಿಸಿದೆ. ಆಪ್ಷನ್ ಹೆಸರನ್ನು ತಲೆಬರಹ ಮಾಡಲಿಲ್ಲ, ಪ್ರಶ್ನೆಯನ್ನೇ ತಲೆಬರಹ ಮಾಡಿದೆ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ.)

"ಈ ಮರ್ಜ್‌ನಿಂದ ಮುಖ್ಯ ಬ್ರಾಂಚ್‌ಗೆ ಏನೇನು ಬಂತು?" ಇದಕ್ಕೆ --ಡಿಫ್-ಮರ್ಜಸ್=ಫಸ್ಟ್-ಪೇರೆಂಟ್. ಮೊದಲ ಪೇರೆಂಟ್ ಅಂದರೆ ಮರ್ಜ್ ಮಾಡುವಾಗ ನಾವು ನಿಂತಿದ್ದ ಬ್ರಾಂಚ್. ಹೊಸ ಗಿಟ್‌ನಲ್ಲಿ, ಅಂದರೆ 2.43 ರಿಂದ, --ಡಿಡಿ ಅಂದರೂ ಸಾಕು. ದಿನದ ಕೆಲಸಕ್ಕೆ ಇದೇ ಜಾಸ್ತಿ ಬೇಕಾಗುವುದು. ಆದರೆ ನಮ್ಮ ತಪ್ಪನ್ನು ಇದು ಹಿಡಿಯಲ್ಲ, ಆ ಸಾಲು ಮೊದಲ ಪೇರೆಂಟ್‌ನಲ್ಲಿ ಇದ್ದ ಹಾಗೇ ಇದೆಯಲ್ಲ.

"ಎರಡೂ ಕಡೆಗೆ ಹೋಲಿಸಿದರೆ ಏನು ಬದಲಾಗಿದೆ?" ಇದಕ್ಕೆ -ಎಂ. ಪ್ರತಿ ಪೇರೆಂಟ್‌ಗೂ ಬೇರೆ ಬೇರೆ ಡಿಫ್ ಕೊಡುತ್ತೆ. ಗಿಟ್ ಲಾಗ್‌ನಲ್ಲಿ -ಎಂ ಒಂದನ್ನೇ ಹಾಕಿದರೆ ಏನೂ ಬರಲ್ಲ, ಜೊತೆಗೆ -ಪಿ ಬೇಕು. ಹೋದ ಸಾಲು ಇದರಲ್ಲಿ ಇರುತ್ತೆ, ಆದರೆ ನಿಜವಾದ ರೆಪೊದಲ್ಲಿ ನೂರಾರು ಸಾಲಿನ ನಡುವೆ ಹುದುಗಿರುತ್ತೆ.

-ಸಿ ಮತ್ತು --ಸಿಸಿ ಬಗ್ಗೆ ಬರೆಯಲು ಒಂದು ಇಡೀ ದಿನ ಹಿಡಿಯಿತು, ಅದು ವ್ಯರ್ಥ ಅಂತ ನನಗೆ ಅನಿಸಿಲ್ಲ. ಇವೆರಡೂ ಎರಡು ಪೇರೆಂಟ್‌ಗಳನ್ನು ಒಂದೇ ಡಿಫ್‌ನಲ್ಲಿ ತೋರಿಸುತ್ತವೆ, ಹಾಗಾಗಿ ಸಾಲಿನ ಮುಂದೆ ಒಂದು ಕಾಲಂ ಅಲ್ಲ, ಎರಡು. ಮೊದಲ ಕಾಲಂ ಮೊದಲ ಪೇರೆಂಟ್‌ಗೆ, ಎರಡನೆಯದು ಎರಡನೆಯದಕ್ಕೆ. + ಇದ್ದರೆ ಆ ಪೇರೆಂಟ್‌ನಲ್ಲಿ ಈ ಸಾಲು ಇರಲಿಲ್ಲ ಅಂತ. ++ ಕಂಡರೆ ಎರಡರಲ್ಲೂ ಇರಲಿಲ್ಲ, ಮರ್ಜ್ ಮಾಡಿದವರೇ ಬರೆದದ್ದು. ಇದಕ್ಕೇ ಜಾಸ್ತಿ ಗಮನ ಕೊಡಬೇಕು. ತಲೆಸಾಲಿನಲ್ಲಿ @ ಮೂರಿದ್ದರೆ ಪೇರೆಂಟ್ ಎರಡು. -ಸಿ ಎಲ್ಲ ಪೇರೆಂಟ್‌ಗಳಿಗಿಂತಲೂ ಬೇರೆಯಾದ ಫೈಲ್‌ಗಳನ್ನು ಮಾತ್ರ ತೋರಿಸುತ್ತೆ, ಆದರೆ ಆ ಫೈಲ್‌ನ ಬದಲಾವಣೆ ಪೂರ್ತಿ ಇರುತ್ತೆ, --ಸಿಸಿ ಅದನ್ನೂ ಸೋಸುತ್ತೆ. ನಮ್ಮ ಫೈಲ್‌ನಲ್ಲಿ ಎರಡೂ ಕಡೆಯ ಬೇರೆ ಬದಲಾವಣೆಗಳೂ ಇದ್ದದ್ದರಿಂದ -ಸಿ ಹಾಕಿದಾಗ ಹುಡುಗನ ಸಾಲು ಎರಡನೇ ಕಾಲಂನಲ್ಲಿ - ಗುರುತಿನ ಜೊತೆ ಕಂಡಿತು.

"ಕಾನ್‌ಫ್ಲಿಕ್ಟ್ ಬಿಡಿಸುವಾಗ ಮನುಷ್ಯರು ಕೈಯಿಂದ ಏನು ಮಾಡಿದರು?" ನಮಗೆ ಅವತ್ತು ಬೇಕಿದ್ದ ಪ್ರಶ್ನೆ ಇದು. ಉತ್ತರ --ರೀಮರ್ಜ್-ಡಿಫ್, 2022ರಲ್ಲಿ ಬಂದ ಗಿಟ್ 2.36 ರಿಂದ ಇದೆ. ಗಿಟ್ ಆ ಎರಡು ಪೇರೆಂಟ್‌ಗಳನ್ನು ತಾನೇ ಇನ್ನೊಮ್ಮೆ ಮರ್ಜ್ ಮಾಡಿ, ಕಾನ್‌ಫ್ಲಿಕ್ಟ್ ಗುರುತುಗಳ ಸಮೇತ ಇಟ್ಟುಕೊಂಡು, ನಾವು ಕಮಿಟ್ ಮಾಡಿದ್ದಕ್ಕೂ ಅದಕ್ಕೂ ಇರುವ ವ್ಯತ್ಯಾಸ ತೋರಿಸುತ್ತೆ. ನನ್ನ ಮರ್ಜ್ ಮೇಲೆ ಓಡಿಸಿದಾಗ ಗುರುತುಗಳ ಜೊತೆಗೆ ಹುಡುಗನ ಸಾಲು ಕೆಂಪು ಬಣ್ಣದಲ್ಲಿ ಬಂದು ಕೂತಿತು. ಅವನನ್ನು ಕರೆದು ತೋರಿಸಿದೆ. ಕಾನ್‌ಫ್ಲಿಕ್ಟ್ ಇಲ್ಲದ, ಯಾರೂ ಕೈ ಹಾಕದ ಮರ್ಜ್‌ಗೆ ಇದು ಏನೂ ತೋರಿಸಲ್ಲ, ಅದೇ ಇದರ ಅನುಕೂಲ. ಎರಡಕ್ಕಿಂತ ಜಾಸ್ತಿ ಪೇರೆಂಟ್ ಇರುವ ಮರ್ಜ್‌ಗೆ ನಡೆಯಲ್ಲ ಅಂತಲೂ ನೋಟ್ಸ್‌ನಲ್ಲಿ ಬರೆದೆ, ನಾವು ಹಾಗೆ ಮಾಡೋದೂ ಇಲ್ಲ.

ಕಾರಟಗಿ ಹುಡುಗಿಗೆ ಹೊಸ ನೋಟ್ಸ್ ಕೊಟ್ಟೆ. ಹತ್ತು ನಿಮಿಷದೊಳಗೆ ಸಾಲು ಹುಡುಕಿದಳು. ಆಮೇಲೆ "ಅಣ್ಣಾ, ಗಿಟ್ ಲಾಗ್ ಖಾಲಿ ತೋರಿಸ್ತದ ಅಂತ ಮೊದಲೇ ಯಾಕ ಬರೆದಿಲ್ಲ?" ಅಂತ ಕೇಳಿದಳು. ಸರಿಯಾದ ಮಾತು, ಅದನ್ನೇ ಮೊದಲ ಸಾಲು ಮಾಡಿದೆ. ಪ್ರತಿ ಔಟ್‌ಪುಟ್ ಕೆಳಗೆ ಯಾವ ಗಿಟ್ ವರ್ಷನ್ ಅಂತ ಬರೆಯುವುದನ್ನೂ ಅವಳೇ ಸೇರಿಸಿದಳು, ಒಂದು ಮಿಲ್‌ನ ಕಂಪ್ಯೂಟರ್‌ನಲ್ಲಿ ಹಳೇ ಗಿಟ್ ಇದ್ದು ಅಲ್ಲಿ --ರೀಮರ್ಜ್-ಡಿಫ್ ಗೊತ್ತಿಲ್ಲ ಅಂತ ಹೇಳಿತ್ತು.

ಈಗ ಮಿಲ್‌ಗಳಿಗೆ ಹೊಸ ವರ್ಷನ್ ಕಳಿಸುವ ಮೊದಲು ಗಿಟ್ ಲಾಗ್ --ಮರ್ಜಸ್ --ರೀಮರ್ಜ್-ಡಿಫ್ ಓಡಿಸಿ, ಬಂದ ಪ್ರತಿ ಸಾಲನ್ನೂ ಅದನ್ನು ಬರೆದವರ ಪಕ್ಕ ಕೂತು ನೋಡುತ್ತೇವೆ. ಬಹಳಷ್ಟು ಸಲ ಐದು ನಿಮಿಷದ ಕೆಲಸ.